ಅತ್ತೆ ಮಗುಚಿದ ಉದ್ದಿನ ಕಳಿ

ಅತ್ತೆಮ್ಮಾ,

ನಿಮ್ಮ ಸೊಸೆ ಬರೆಯುತ್ತಿದ್ದೇನೆ. ನಾನಿದ್ದಾಗ ಬಾಯಿ ಬಿಡದವಳು ಸತ್ತ ಮೇಲೆ ಹೇಳುತ್ತಿದ್ದಾಳೆ ಅಂತ ಬೈದುಕೊಳ್ಳಿ, ಪರವಾಗಿಲ್ಲ.

ತೊಂಬತ್ತೆಂಟರಲ್ಲಿ ನಿಮ್ಮ ಮಗನನ್ನು ಕೊಯಮತ್ತೂರಿನ ಆಸ್ಪತ್ರೆಯಿಂದ ಓಡೈಪಟ್ಟಿಯ ಮನೆಗೆ ಕರೆತಂದ ದಿನ ನೀವು ಮೊದಲು ಅವರ ಅಂಗಿ ಎತ್ತಿ ನೋಡಿದಿರಿ. ಕ್ಯಾನ್ಸರ್ ಅಂತ ಇಡೀ ಜಠರ ತೆಗೆದು, ಕರುಳನ್ನೇ ಮೇಲೆಳೆದು ಅನ್ನನಾಳಕ್ಕೆ ಹೊಲಿದಿದ್ದರು. ಅದೂ ಕ್ಯಾಮೆರಾ ಇಳಿಸಿ, ಸಣ್ಣ ತೂತುಗಳಲ್ಲೇ. ನಿಮಗೆ ಕಂಡದ್ದು ನಾಲ್ಕೈದು ಚುಕ್ಕೆ, ಒಂದು ಗೀರು. "ಬೆರಳ್ ತೂರದ ತೂತ್ನಾಗೆ ಇರಪ್ಪೈನ, ಅಷ್ಟ್ ದೊಡ್ ಹೊಟ್ಟೆ ಚೀಲಾನ ಹೆಂಗ್ ತಗೀತಾರೆ? ಡಾಕ್ಟ್ರು ಪೊಯ್, ಬರೀ ಸುಳ್ಳು ಹೇಳವ್ರೆ. ನನ್ ಮಗನ್ ಹೊಟ್ಟೆ ಹಂಗೇ ಐತೆ!" ಅಂದಿರಿ. ನಾನು ನಕ್ಕುಬಿಟ್ಟೆ.

ಆಮೇಲಿನ ದಿನಗಳು ನೆನಪಿವೆಯೇ? ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿಸಬೇಕಿತ್ತು. ನಾನು ಗಂಜಿ ತಂದರೆ "ಆಮೇಲೆ" ಅನ್ನುತ್ತಿದ್ದ ಗಂಡ ನಿಮ್ಮ ಕೈತುತ್ತಿಗೆ ಕೂಸಿನ ಹಾಗೆ ಬಾಯಿ ತೆರೆಯುತ್ತಿದ್ದರು. ನೋಡಲು ಬಂದವರೆಲ್ಲ ನಿಮ್ಮ ಕೈಗುಣವನ್ನೇ ಹೊಗಳುವವರು. ಹನ್ನೆರಡು ವರ್ಷ ಸಂಸಾರ ಮಾಡಿದ ನಾನು ಯಾರು ಹಾಗಾದರೆ? ಹೊಟ್ಟೆಕಿಚ್ಚು ಅತ್ತೆ, ಬೇರೇನೂ ಅಲ್ಲ.

ನೀವು ತಾಳೆಯ ಕರುಪಟ್ಟಿ ಬೆಲ್ಲ, ಎಳ್ಳೆಣ್ಣೆ ಸುರಿದು ಮುದ್ದೆಯಂಥ ಉದ್ದಿನ ಕಳಿ ಮಗುಚಿದ ಬೆಳಿಗ್ಗೆ ನಾನು ಒಲೆಯ ಪಕ್ಕದಲ್ಲೇ ಇದ್ದೆ. ಜಠರ ಇಲ್ಲದವರಿಗೆ ಸಿಹಿ ನೇರ ಕರುಳಿಗಿಳಿದು ತಲೆ ಸುತ್ತಿಸುತ್ತದೆ, ಕೊಡಬೇಡಿ ಅಂತ ಡಾಕ್ಟರು ಹೇಳಿದ್ದರು. ನನಗೊಬ್ಬಳಿಗೇ. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಅವರು ಬೆವೆತು, ನಡುಗಿ ಗೋಡೆಗೊರಗಿದರು. ಆಗ ನಿಮ್ಮ ಮುಖ... "ನನ್ ಕೈ ಅವ್ನಿಗೆ ಆಗ್ಲಿಲ್ಲ ಕಣಮ್ಮ. ಇನ್ಮೇಲೆ ನೀನೇ ಇಕ್ಕು" ಅಂದು ಸೌಟು ಕೊಟ್ಟಿರಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂದುಕೊಂಡೆ. ಕೊನೆಯುಸಿರಿನವರೆಗೂ ನೀವು ಅವರ ತಟ್ಟೆ ಮುಟ್ಟಲಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ನಿಮ್ಮ ಮಗ ಕೇಳಿದರು, "ಅವ್ವ ಕಡೇಗೆ ನನ್ನ ಯಾಕೆ ದೂರ ಮಾಡ್ಬುಟ್ಳು?" ನನಗಿನ್ನು ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ದೋಷ ನಿಮ್ಮ ಕೈಯಲ್ಲಿರಲಿಲ್ಲ ಅತ್ತೆ. ಬೆಲ್ಲದಲ್ಲಿತ್ತು, ಗೊತ್ತಿದ್ದೂ ಸುಮ್ಮನಿದ್ದ ನನ್ನಲ್ಲಿತ್ತು. ಅವರು ಕೂಗಾಡಲಿಲ್ಲ. ತಟ್ಟೆ ಸರಿಸಿ ಎದ್ದರು. ಅಂದಿನಿಂದ ಗಂಜಿ ತಾವೇ ಕಾಯಿಸಿಕೊಂಡು, ನಿಮ್ಮ ಮಂಚದ ಮೇಲೆ ಕೂತು ಕುಡಿಯುತ್ತಾರೆ. ನಾನಿಕ್ಕಿದ್ದನ್ನು ಮುಟ್ಟುವುದಿಲ್ಲ. ತಪ್ಪು ಒಪ್ಪಿಕೊಂಡೆನಲ್ಲ, ಮನಸ್ಸು ಹಗುರವಾಯಿತೇ ಅಂತ ಕೇಳುತ್ತೀರಾ? ಇಲ್ಲ ಅತ್ತೆ. ಇವತ್ತೂ ನಿಮ್ಮ ಮೇಲೆ ಹೊಟ್ಟೆಕಿಚ್ಚೇ.