ಹಿಮ್ಮೇಳದವನ ಹೂಂ

೩ ಸೆಪ್ಟೆಂಬರ್ ೧೯೮೬, ಕೂಡ್ಲಿಗಿ

ಬೆಳಗಿನ ಡ್ಯೂಟಿ. ಕೊಟ್ಟೂರು ಬಸ್ಸು ಎಂದಿನಂತೆ ತಡ. ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಒಣಗಿತು. ಈ ಗಂಟಲಿಗೇ ಡಿಪಾರ್ಟ್‌ಮೆಂಟಿನವರು ಕಂಟ್ರೋಲರ್ ಮಾಡಿದ್ದಾರೆ ಎಂದು ಡ್ರೈವರ್ ದುರುಗಣ್ಣ ನಗುತ್ತಾನೆ. ನಗಲಿ.

ಮಧ್ಯಾಹ್ನ ಮನೆಗೆ ಬಂದರೆ ಹೊಸಹಳ್ಳಿಯಿಂದ ಅನ್ನದಾನಮ್ಮ ಬಂದು ಕೂತಿದ್ದಳು. ನಮ್ಮ ಭಜನೆ ಮೇಳದಲ್ಲಿ ಮುಂದೆ ನಿಂತು ಹಾಡುವ ಗುರುಸಂಗಣ್ಣನ ಮಗಳು. ಚೀಲದಿಂದ ಕ್ಯಾಸೆಟ್ ತೆಗೆದು ಕೊಟ್ಟಳು.

"ಕಾಕಾ, ಅಪ್ಪ ಕಳಿಸ್ಯಾನ. ಹುಬ್ಬಳ್ಯಾಗ ಹಾಡಿದ್ದು."

ಮೇಲೆ ಅವನ ಫೋಟೋ. ರುಮಾಲು ಸುತ್ತಿ ಗತ್ತಿನಿಂದ ಕೂತಿದ್ದಾನೆ. ಹೆಸರು ಅವನೊಬ್ಬನದೇ.

"ಕಂಪನಿಯವ್ರು ಇನ್ನೊಂದು ಮಾಡೋಣ ಅಂತಾರ. ಬೊಮ್ಮ ಕೇಳಿ ಹೂಂ ಅಂದ್ರ ಹೋಗ್ತೀನಿ, ಇಲ್ಲಂದ್ರ ಏಕತಾರಿ ಕಟ್ಟಿಡ್ತೀನಿ ಅಂದಾನ."

ನಮ್ಮ ಮೇಳದ ಪದ್ಧತಿ ಅದು. ಹೊಸ ಪದ ಕಟ್ಟಿದರೆ ಮೊದಲು ಕೇಳುವವನು ಹಿಮ್ಮೇಳದವನು. ಅವನು ಹೂಂ ಅಂದ ಮೇಲೇ ಮಂದಿಯ ಮುಂದೆ. ಮೀಸೆ ಮೂಡುವ ಮೊದಲಿನಿಂದ ಗುರುಸಂಗಣ್ಣನ ಹಿಂದೆ ನಿಂತು ಸೊಲ್ಲು ಎತ್ತಿದವನು ನಾನು. ಅವನ ಒಂದು ಪದವೂ ನನ್ನನ್ನು ದಾಟಿ ಹೊರಗೆ ಹೋದದ್ದಿಲ್ಲ. ಈ ಕ್ಯಾಸೆಟ್ಟಿನ ತನಕ.

ಊರಿಗೆಲ್ಲ ಹಂಚಿದ ಮೇಲೆ ನನ್ನ ಹೂಂ ಬೇಕಂತೆ!

೪ ಸೆಪ್ಟೆಂಬರ್

ಕೇಳಲಿಲ್ಲ. ಕಪಾಟಿನ ಮೇಲೆ ಇಟ್ಟಿದ್ದೇನೆ.

ಹುಬ್ಬಳ್ಳಿಗೆ ಹೋದ ದಿನ ಅವನು ನಮ್ಮ ಸ್ಟ್ಯಾಂಡಿನಲ್ಲೇ ಬಸ್ಸು ಹತ್ತಿದ. ಹೆಗಲಿಗೆ ಏಕತಾರಿ. ನಾನೇ ಕಂಡಕ್ಟರಿಗೆ ಹೇಳಿ ಮುಂದಿನ ಸೀಟು ಕೊಡಿಸಿದೆ. "ಹೋಗಿ ಬರ್ತೀನ್ಲೇ ಬೊಮ್ಮ" ಅಂದ, ಅಷ್ಟೇ. ಯಾರದೋ ಮನೆಯ ಭಜನೆಗೆ ಇರಬೇಕು ಅಂದುಕೊಂಡೆ. ಮೈಕಿನಲ್ಲಿ ಹುಬ್ಬಳ್ಳಿ ಬಸ್ಸು ಹೊರಟಿತೆಂದು ಕೂಗಿದ್ದೂ ನಾನೇ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

೭ ಸೆಪ್ಟೆಂಬರ್, ಸಂಜೆ

ಕೇಳಿದೆ. ಎರಡೂ ಸೈಡ್.

ಅವನಿಗೆ ವಯಸ್ಸು ಎಪ್ಪತ್ತು ದಾಟಿದ ಮೇಲೆ ಕಟ್ಟಿದ ಪದಗಳೇ ಎಲ್ಲ. ದಮ್ಮಡಿ ಇಲ್ಲ, ತಾಳ ಇಲ್ಲ. ಏಕತಾರಿ ಮತ್ತು ಅವನು. ಸಾಲಿನ ನಡುವೆ ಉಸಿರು ಕಡಿಯುತ್ತದೆ. ಏರಿಕೆಯಲ್ಲಿ ದನಿ ಬಿರಿಯುತ್ತದೆ. ಮೊದಲು ಅವನ ಉಸಿರು ಸಾಲದ ಕಡೆ ನಾನು ಎತ್ತಿಕೊಳ್ಳುತ್ತಿದ್ದೆ, ಕೂತವರಿಗೆ ಗೊತ್ತೂ ಆಗುತ್ತಿರಲಿಲ್ಲ. ಈಗ ಎಲ್ಲ ಬಯಲು.

ಖುಷಿಯಾಯಿತು. ಬರೆಯುವುದೇ ಆದರೆ ಸುಳ್ಳು ಯಾಕೆ — ಖುಷಿಯಾಯಿತು.

೮ ಸೆಪ್ಟೆಂಬರ್

ಅನ್ನದಾನಮ್ಮ ಉತ್ತರಕ್ಕೆ ಬಂದಳು. ಸ್ಟ್ಯಾಂಡಿನಲ್ಲೇ, ಡ್ಯೂಟಿಯ ನಡುವೆ. ನಿಂತ ಕಾಲ ಮೇಲೆ ಹೇಳಿಬಿಟ್ಟೆ.

"ಉಸಿರು ಸಾಲೂದಿಲ್ಲವ್ವ. ಪದ ಹರದು ಹೋಗಾಕತ್ತೈತಿ. ಇನ್ನ ಸಾಕು ಮಾಡಂತ ಹೇಳು."

ಅವಳು ನನ್ನ ಮುಖವನ್ನೇ ನೋಡಿದಳು. "ಹಂಗ ಹೇಳ್ಲಾ ಕಾಕಾ?"

"ಹಂಗ ಹೇಳು."

ಹೊಸಹಳ್ಳಿ ಬಸ್ಸು ಬಂತು. ಹತ್ತಿ ಹೋದಳು.

೨೧ ಸೆಪ್ಟೆಂಬರ್

ಹೊಸಹಳ್ಳಿ ರೂಟಿನಿಂದ ಇಳಿದ ದುರುಗಣ್ಣ ಸುದ್ದಿ ತಂದ. ಗುರುಸಂಗಣ್ಣ ಕಂಪನಿಯವರಿಗೆ ಒಲ್ಲೆ ಅಂದನಂತೆ. ಕರೆಯಲು ಕಾರು ತಂದಿದ್ದರಂತೆ, ಖಾಲಿ ಕಾರು ವಾಪಸ್ಸು ಹೋಯಿತಂತೆ.

"ಯಾಕ್ರೀ ತಾತ ಅಂತ ಕೇಳಿದ್ರ, ನಮ್ಮ ಬೊಮ್ಮ ಹೂಂ ಅನ್ನಲಿಲ್ಲ ಅಂದ್ನಂತ. ಯಾವ ಬೊಮ್ಮಪ್ಪಲೇ ಅದು, ನೀನ ಏನು?"

ಟ್ರಿಪ್ ಶೀಟ್ ಕೇಳಿ ಮಾತು ಮರೆಸಿದೆ.

ಒಂದು ಜಗಳ ಮಾಡಬಾರದಿತ್ತೇ ಅವನು? ಬಂದು ಬಯ್ಯಬಾರದಿತ್ತೇ? ಒಂದು ಮಾತಿಗೆ ಸುಮ್ಮನಾಗಿಬಿಟ್ಟ.

೨೪ ಸೆಪ್ಟೆಂಬರ್, ಮಧ್ಯಾಹ್ನ

ರಜೆ. ಹೆಂಡತಿ ಪಕ್ಕೀರಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮತ್ತೆ ಕ್ಯಾಸೆಟ್ ಹಾಕಿದೆ. ನಾನು ಹೇಳಿದ್ದು ಸರಿ ಎಂದು ನನಗೇ ತೋರಿಸಿಕೊಳ್ಳಬೇಕಿತ್ತು.

ಎರಡನೇ ಸೈಡಿನ ಕೊನೆಯ ಪದ.

ಒಲಿ ಆರಿ ಹೋಗೈತಿ, ಬೂದಿ ಬೆಚ್ಚಗ ಐತಿ,
ಕೈ ಕಾಸಿಕೊಂಡು ಹೋಗವ್ವ.

'ಬೂದಿ' ಅಂದ ಮೇಲೆ ದನಿ ನಿಲ್ಲುತ್ತದೆ. ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಆಮೇಲೆ 'ಬೆಚ್ಚಗ ಐತಿ' — ಮಲಗಿದ ಕೂಸಿನ ಪಕ್ಕದಲ್ಲಿ ಮಾತಾಡಿದ ಹಾಗೆ. ಇಲ್ಲೇ ನಾನಿರಬೇಕಿತ್ತು ಅಂದುಕೊಂಡೆ. ರಿವೈಂಡ್ ಮಾಡಿ, ಆ ಜಾಗ ಬಂದಾಗ ತುಂಬು ದನಿಯಲ್ಲಿ ಸೊಲ್ಲು ಎತ್ತಿದೆ.

ಸತ್ತು ಹೋಯಿತು ಪದ.

ಮತ್ತೆ ಎತ್ತಿದೆ, ಮೆತ್ತಗೆ. ಆಗಲೂ ಅಷ್ಟೇ. ನನ್ನ ದನಿಗೆ ಬಿರುಕಿಲ್ಲ, ಅದಕ್ಕೇ ಬೂದಿ ಬರೀ ಬೂದಿಯಾಯಿತು. ಪಕ್ಕೀರಮ್ಮನ ಕೈ ಮೊರದ ಮೇಲೆ ನಿಂತಿತ್ತು.

"ನೀವು ಸುಮ್ನಿರ್ರಿ. ಆತ ಹಾಡ್ಲಿ."

ಸುಮ್ಮನಾದೆ. ಅವನು ಹಾಡಿದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಹಾಡಿಗೆ ಅಳುವ ಹೆಂಗಸಲ್ಲ ಅವಳು.

ಉಸಿರು ಸಾಲದ್ದು ಖರೆ. ಆದರೆ ಪದ ಕಟ್ಟಿದ್ದೇ ಆ ಸಾಲದ ಉಸಿರಿನ ಅಳತೆಗೆ. ಇಂಥ ಹಾಡು ಅವನು ಹರೆಯದಲ್ಲೂ ಹಾಡಿಲ್ಲ. ಈ ಪದಗಳಲ್ಲಿ ನನಗೆ ಜಾಗವೇ ಇಲ್ಲ. ಅವನಿಗದು ಮೊದಲೇ ಗೊತ್ತಿತ್ತು. ಹೇಳಲು ಬಾಯಿ ಬಾರದೆ ಒಬ್ಬನೇ ಬಸ್ಸು ಹತ್ತಿದ.

ಅಂಥವನ ಬಾಯಿ ಕಟ್ಟಿಸಿದೆನಲ್ಲ…

೨೫ ಸೆಪ್ಟೆಂಬರ್

ಡ್ಯೂಟಿ. ಹೊಸಹಳ್ಳಿ ಬಸ್ಸು ಬಂತು, ಹೋಯಿತು. ಹತ್ತಲಿಲ್ಲ.

೨೮ ಸೆಪ್ಟೆಂಬರ್, ಸಂಜೆ

ಹೊಸಹಳ್ಳಿಗೆ ಹೋಗಿ ಬಂದೆ.

ಗುರುಸಂಗಣ್ಣ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ. ಇಳಿದುಹೋಗಿದ್ದಾನೆ. ಏಕತಾರಿಗೆ ಹಳೇ ಧೋತರ ಸುತ್ತಿ ತೊಲೆಗೆ ಕಟ್ಟಿದ್ದಾನೆ. ಒಳಗಿನಿಂದ ಅನ್ನದಾನಮ್ಮ, "ಗುನುಗೂದೂ ಬಿಟ್ಟಾನ ಕಾಕಾ. ಉಣ್ಣೂದೂ ಅಷ್ಟಕ್ಕಷ್ಟ" ಅಂದಳು. ನನ್ನ ಮುಖ ನೋಡದೆ ಅಂದಳು.

ಪಕ್ಕದಲ್ಲಿ ಕೂತೆ.

"ಅಣ್ಣಾ, ಹೂಂ ಅನ್ನಾಕ ಬಂದೀನಿ. ಹುಬ್ಬಳ್ಳಿಗೆ ಹೋಗು. ಕಂಪನಿಯವ್ರಿಗೆ ನಾನ ಹೇಳಿ ಕಳಿಸ್ತೀನಿ."

ಅವನು ಬೀದಿ ನೋಡುತ್ತಲೇ ಕೇಳಿದ.

"ಅನ್ನದಾನಿ ಹೋಗಿ ಅತ್ತಾಳೇನಲೇ ನಿನ್ನ ಮುಂದ?"

"ಇಲ್ಲ."

"ಹಂಗಾರ ಮುದುಕ ಸಾಯ್ತಾನ ಅಂತ ಕನಿಕರ ಮಾಡಾಕತ್ತೀಯ."

"ಇಲ್ಲಣ್ಣಾ. ಆ ಬೂದಿ ಪದ… ಯಾರೂ ಹಾಡಾಕ ಆಗೂದಿಲ್ಲ. ನಾನೂ ಎತ್ತಿ ನೋಡೀನಿ."

ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

"ನೀ ಒಂದಿನಾನೂ ನನಗ ಸುಳ್ಳು ಹೂಂ ಅಂದಾಂವಲ್ಲ. ಅದಕ್ಕ ಅವತ್ತಿನ ಮಾತು ನಂಬಿದೆ. ಈಗ ನೀನ ಹೇಳು. ಅವತ್ತಿಂದು ಖರೇನೋ, ಇವತ್ತಿಂದು ಖರೇನೋ?"

"ಇವತ್ತಿಂದು."

"ಹಂಗಾರ ಅವತ್ತು ಯಾಕ?"

ಅನ್ನದಾನಮ್ಮ ಚಾ ತಂದಿಟ್ಟಳು. ಆರಿ ಕೆನೆಗಟ್ಟಿತು. ಕೊನೆಗೆ ಅವನೇ, "ಬಸ್ಸಿನ ಹೊತ್ತಾತು, ಏಳು" ಅಂದ. ಎದ್ದು ಬಂದೆ. ಸ್ಟ್ಯಾಂಡಿನಲ್ಲಿ ಊರಿಗೇ ಕೇಳುವ ಹಾಗೆ ಕೂಗುವ ಗಂಟಲು ಇದು.

ಉತ್ತರ ಹೇಳದಿದ್ದರೆ ಅವನು ಇನ್ನು ಹಾಡುವುದಿಲ್ಲ. ಹೇಳಿದರೆ ನನ್ನ ಯಾವ ಹೂಂಗೂ ಇನ್ನು ಬೆಲೆ ಇಲ್ಲ. ಆದರೂ ಹೇಳಬೇಕು. ನಾಳೆ ಮೊದಲ ಬಸ್ಸಿಗೇ ಹೋಗುತ್ತೇನೆ. ಅಲ್ಲಿ ಮತ್ತೆ ನಾಲಿಗೆ ತಡವರಿಸಬಾರದು. ಇಲ್ಲಿ ಬರೆದು ಬಾಯಿಪಾಠ ಮಾಡಿಕೊಳ್ಳುತ್ತೇನೆ —

ಅಣ್ಣಾ, ಅವತ್ತು ನಾನು ಕ್ಯಾಸೆಟ್ಟಿನ ಮ್ಯಾಲ ನಿನ್ನ ಒಬ್ಬನ ಹೆಸರು ನೋಡಿ ಹೊಟ್ಟಿಕಿಚ್ಚು ಪಟ್ಟೆ. ಅದಕ್ಕ ಸುಳ್ಳು ಹೇಳಿದೆ.