ಅಂಗಡಿ ಮುಂದೆ ನಿಲ್ಲಬೇಕಾದ ಮಗಳು

"ಮಕ್ಕಳ ಹೊಟ್ಟಿ ಕಾಯೂದು ನನ್ನ ಕೆಲಸೇನು?" ಅಂತ ಬೆಳಿಗ್ಗೆ ಕನ್ನಡಿ ಮುಂದೆ ನಿಮ್ಮಷ್ಟಕ್ಕೆ ನೀವೇ ಕೇಳಿದಿರಿ. ಒಲೆಯ ಹತ್ತಿರ ನನಗೂ ಕೇಳಿಸಿತು.

ರೀ, ಈ ಚೀಟಿ ಬರೆದಿಟ್ಟು ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ. ಪಲ್ಯ ಬಿಸಿ ಮಾಡಿಕೊಂಡು ಉಣ್ಣಿರಿ. ಐಶ್ವರ್ಯಾಳನ್ನು ಶಾಲೆಯಿಂದಲೇ ಕರೆದುಕೊಂಡು ಮಠಕ್ಕೆ ಪುರಾಣ ಕೇಳಲು ಹೋಗುತ್ತೇನೆ. ಉಣ್ಣಲು ಕೂತರೂ ಅವಳ ಬಾಯಲ್ಲಿ ಚಿಪ್ಸಿನ ಜಾಹೀರಾತಿನ ಹಾಡೇ. ರಾಗ ಚಲೋ ಐತಿ, ಆದರೆ ತುತ್ತು ಇಳಿಯುವುದಿಲ್ಲ.

ಅಂಗಡಿಯಲ್ಲಿ ಚಿಪ್ಸ್ ಮಾರಿರಿ, ನನ್ನದೇನೂ ತಕರಾರಿಲ್ಲ. ಆದರೆ ಶಾಲೆ ಬಿಟ್ಟಾಗ ನಮ್ಮ ಮಗಳು ಅಂಗಡಿ ಮುಂದೆ ನಿಂತು ತಿಂದರೆ ಉಳಿದ ಹುಡುಗರೂ ಕೊಳ್ಳುತ್ತಾರೆ ಎಂದನಂತೆ ಗದಗಿನಿಂದ ಬರುವ ಚಿಪ್ಸ್ ಕಂಪನಿಯವನು. ಇವತ್ತಿನಿಂದ ಕಳಿಸು ಎಂದಿರಿ ನೀವು.

ನಿಮ್ಮ ಮಾತಿಗೆ ಎಂದೂ ಎದುರಾಡಿದವಳಲ್ಲ. ಇದಕ್ಕೆ ಮಾತ್ರ ಅವಳನ್ನ ನಾ ಕಳಸೂದಿಲ್ಲ.