ಕತ್ತಲಲ್ಲೇ ಮುಗಿಯುವ ಕೀರ್ತನೆ

ಪ್ರೀತಿಯ ತಮ್ಮನಿಗೆ,

ನಿನ್ನ ಸೊಂಟನೋವು ಹೇಗಿದೆ? ನಿನ್ನವಳ ಕೆಮ್ಮು ನಿಂತಿತೇ? ಪುಟ್ಟಿಗೆ ಹಲ್ಲು ಬಂತೇ?

ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಚರ್ಚಿಗೆ ಡ್ರಮ್ಮು, ಬಣ್ಣದ ದೀಪ ಬಂದಿವೆ. ಬರಲಿ, ನಾನೂ ಚಪ್ಪಾಳೆ ತಟ್ಟುತ್ತೇನೆ. ಆದರೆ ಕಳೆದ ಭಾನುವಾರ ನಾನು ಬೈಬಲಿನಿಂದ ವೇದಪಾಠ ಓದಲು ಏಳುವಾಗ ನಮ್ಮ ಹೊಸ ಪಾಸ್ಟರು, "ದೊಡ್ಡಮ್ಮ, ಆ ಗೋಳಿನ ಕೀರ್ತನೆ ಪೂರ್ತಿ ಬೇಡ. ಕತ್ತಲಲ್ಲೇ ಮುಗಿಯುತ್ತೆ ಅದು. ಮೊದಲೆರಡು ವಚನ ಸಾಕು, ಜನ ಖುಷಿಯಾಗಿ ಮನೆಗೆ ಹೋಗ್ಲಿ" ಎಂದರು. ಹಾಗೇ ಮಾಡಿದೆ.

ಹೊರಡುವಾಗ ಚರ್ಚಿನ ಬಾಗಿಲಲ್ಲಿ ನಮ್ಮ ಬೀದಿಯ ಬಡಗಿ ನನ್ನ ಕೈ ಹಿಡಿದ. ಮೊನ್ನೆಯಷ್ಟೇ ಹೆಂಡತಿಯನ್ನು ಮಣ್ಣು ಮಾಡಿದವನು. "ಅದರಲ್ಲಿ ಮುಂದೆ ಇನ್ನೂ ಇದೆ ಅಲ್ವಾ ದೊಡ್ಡಮ್ಮ? ಅವಳು ಕಾಯಿಲೆಯಲ್ಲಿ ಮಲಗಿದಲ್ಲೇ ದಿನಾ ನನ್ನ ಕೈಲಿ ಓದಿಸ್ತಿದ್ಲು. ಅದನ್ನ ಕೇಳೋಕೇ ಬಂದಿದ್ದೆ" ಎಂದ.

ಈ ಭಾನುವಾರ ಅದನ್ನು ಕೊನೆಯ ಸಾಲಿನವರೆಗೂ ಓದಬೇಕೆಂದಿದ್ದೇನೆ. ಪಾಸ್ಟರು ಸಿಟ್ಟಾಗಿ ನನ್ನ ಸರದಿಯನ್ನು ಬೇರೆಯವರಿಗೆ ಕೊಟ್ಟರೆ ಆ ಚರ್ಚಿನಲ್ಲಿ ನನಗೆ ಬೇರೆ ಕೆಲಸವೇ ಇಲ್ಲ. ನೀನೂ ಪಾಸ್ಟರಾಗಿ ಸಭೆ ನಡೆಸುವವನು, ಹೇಳು, ಓದಲೋ ಬೇಡವೋ? ನೀನು ಬೇಡವೆಂದರೂ ಓದುತ್ತೇನೆ ಕಣೋ. ಆದರೂ ಶನಿವಾರದೊಳಗೆ ಕೈಸೇರುವಂತೆ ಎರಡು ಸಾಲು ಬರೆ.

ನಿನ್ನ ಅಕ್ಕ